ಹೊತ್ತಿಕೊಳ್ಳದ ಗ್ಯಾಸ್ ಗೀಸರು

ಮಾಗಿಯ ಬೆಳಗು. ರೇಡಿಯೋದಲ್ಲಿ ಚಿಂತನ ಮುಗಿದು ಪ್ರದೇಶ ಸಮಾಚಾರ ಇನ್ನೇನು ಆರಂಭವಾಗಬೇಕು. ಅಷ್ಟರಲ್ಲಿ ಬಚ್ಚಲುಮನೆಯಿಂದ ಕೂಗು ಬರುತ್ತದೆ: "ರೀ, ಗೀಸರ್ ಹತ್ಕೋತಾ ಇಲ್ಲ!"

ಈ ಕೂಗನ್ನು ಕೇಳದ ಗೃಹಸ್ಥರು ಈಚೆಗೆ ನಮ್ಮ ಊರುಗಳಲ್ಲಿ ವಿರಳ. ಕೇಳಿದೊಡನೆ ನಾವು ಮಾಡುವುದೂ ಹೆಚ್ಚುಕಡಮೆ ಒಂದೇ. ನಲ್ಲಿಯನ್ನು ನಾಲ್ಕು ಸಲ ತಿರುಗಿಸುತ್ತೇವೆ; ಗೋಡೆಯ ಮೇಲಿನ ಡಬ್ಬಿಗೆ ಎರಡು ಏಟು ಕೊಡುತ್ತೇವೆ; ಆಮೇಲೆ ರಿಪೇರಿಯವನಿಗೆ ಫೋನು ಮಾಡುತ್ತೇವೆ. ಆತ "ಸಂಜೆ ಬರ್ತೀನಿ ಸಾರ್" ಎನ್ನುತ್ತಾನೆ. ಯಾವ ಸಂಜೆ ಎಂಬುದನ್ನು ಹೇಳುವುದಿಲ್ಲ.

ನಾನು ವೃತ್ತಿಯಿಂದ ಕನ್ನಡದ ಮೇಷ್ಟರು. ಸಂಧಿ ಸಮಾಸಗಳನ್ನು ಬಿಡಿಸಿ ಅಭ್ಯಾಸವುಂಟೇ ಹೊರತು ಯಂತ್ರಗಳನ್ನು ಬಿಚ್ಚಿ ಅಭ್ಯಾಸವಿಲ್ಲ. ಹಾಗಿದ್ದೂ ಈ ವಿಷಯವನ್ನು ನಿಮ್ಮ ಮುಂದೆ ಇಡಲು ಹೊರಟಿರುವುದಕ್ಕೆ ಕಾರಣ ನಮ್ಮ ಮನೆಯ ಹನ್ನೆರಡು ವರ್ಷದ ಗೀಸರು. ಅದು ನನಗೆ ಕಲಿಸಿದ ಪಾಠ ಸುಲಭದ್ದಾಗಿರಲಿಲ್ಲ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟರು ಸಂಜೆಯ ಹೊತ್ತು ಕೂತು ಒಂದೊಂದನ್ನೇ ತಿಳಿಸಿಕೊಟ್ಟರು. ಅವರ ವಿಜ್ಞಾನಕ್ಕೆ ನನ್ನ ಕನ್ನಡ ಎಂದು ನೀವು ಇದನ್ನು ಓದಿಕೊಳ್ಳಬೇಕು.

ನಮ್ಮ ಬಾಲ್ಯದಲ್ಲಿ ಈ ತೊಂದರೆ ಇರಲಿಲ್ಲ. ಬಚ್ಚಲೊಲೆಯ ಮೇಲೆ ತಾಮ್ರದ ಹಂಡೆ. ಕೆಳಗೆ ತೆಂಗಿನ ಗರಿ, ಸೌದೆ. ನೀರು ತುಂಬುವ ಹಬ್ಬದ ದಿನ ಆ ಹಂಡೆಯನ್ನು ಹುಣಿಸೆಹಣ್ಣಿನಿಂದ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತಿ ಪೂಜಿಸುತ್ತಿದ್ದೆವು. ಒಲೆ ಹೊತ್ತದಿದ್ದರೆ ಕಾರಣ ಎರಡೇ: ಸೌದೆ ಹಸಿ, ಇಲ್ಲವೆ ಊದುವವನು ಸೋಮಾರಿ. ಹೊಗೆ ಕಣ್ಣಿಗೆ ಕಾಣುತ್ತಿತ್ತು, ಮೂಗಿಗೆ ತಿಳಿಯುತ್ತಿತ್ತು, ಹೆಂಚಿನ ಸಂದಿಯಿಂದ ಹೊರಕ್ಕೆ ಹೋಗುತ್ತಿತ್ತು. ಈ ಕೊನೆಯ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಗೀಸರ್ ಎಂಬ ಮಾತಿನ ಹುಟ್ಟನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಪಂಡಿತನ ಚಪಲವೆಂದು ಮನ್ನಿಸಿ. ಐಸ್‌ಲೆಂಡ್ ದ್ವೀಪದಲ್ಲಿ ಕುದಿನೀರು ನೆಲದಿಂದ ಚಿಮ್ಮುವ ಬುಗ್ಗೆಯೊಂದುಂಟು. ಅದರ ಹೆಸರು ಗೇಸಿರ್. ಉಕ್ಕುವುದು, ಚಿಮ್ಮುವುದು ಎಂಬ ಅರ್ಥದ ಅಲ್ಲಿಯ ಧಾತುವಿನಿಂದ ಬಂದುದು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಎಂಬ ಬಣ್ಣಗಾರನು, ಹರಿಯುವ ನೀರನ್ನು ಗ್ಯಾಸಿನ ಉರಿಯಿಂದ ಆಗಿಂದಾಗಲೇ ಕಾಯಿಸುವ ಯಂತ್ರವೊಂದನ್ನು ಕಟ್ಟಿ ಅದಕ್ಕೆ ಈ ಬುಗ್ಗೆಯ ಹೆಸರನ್ನಿಟ್ಟನು. ಜಾಣತನದ ಕೆಲಸವೇ ಸರಿ. ಆದರೆ ಅದರಲ್ಲಿ ಒಂದು ಕೊರತೆಯಿತ್ತು: ಉರಿದ ಅನಿಲವನ್ನು ಹೊರಗೆ ಸಾಗಿಸುವ ಕೊಳವೆಯನ್ನು ಆತ ಇಟ್ಟಿರಲಿಲ್ಲ. ನೂರೈವತ್ತು ವರ್ಷ ಕಳೆದರೂ ನಮ್ಮ ಎಷ್ಟೋ ಬಚ್ಚಲುಮನೆಗಳ ಗೀಸರಿಗೆ ಆ ಕೊಳವೆ ಇಂದಿಗೂ ಇಲ್ಲ.

ಇನ್ನು ಯಂತ್ರದೊಳಕ್ಕೆ ಹೋಗೋಣ. ದೇವಸ್ಥಾನದ ಪ್ರಾಕಾರಗಳಲ್ಲಿ ಒಂದರ ಹಿಂದೆ ಒಂದು ಬಾಗಿಲು, ಬಾಗಿಲಿಗೊಬ್ಬ ದ್ವಾರಪಾಲಕ ಇರುವಂತೆ ಇದರೊಳಗೂ ಕಾವಲುಗಾರರಿದ್ದಾರೆ. ಒಬ್ಬೊಬ್ಬನೂ ಒಪ್ಪಿದ ಮೇಲೆಯೇ ಗ್ಯಾಸಿಗೆ ಒಳಗೆ ಪ್ರವೇಶ.

ಮೊದಲನೆಯ ಕಾವಲುಗಾರ ನೀರು. ನೀವು ಬಿಸಿನೀರಿನ ನಲ್ಲಿಯನ್ನು ತಿರುಗಿಸಿದಾಗ ಗೀಸರಿನೊಳಗೆ ನೀರು ಒಂದು ಕಿರಿದಾದ ಕಂಠದ ಮೂಲಕ ಹರಿಯುತ್ತದೆ. ಆ ರಭಸದಿಂದ ಒಂದು ರಬ್ಬರ್ ಹಾಳೆಯ ಎರಡು ಪಕ್ಕಗಳ ಒತ್ತಡದಲ್ಲಿ ವ್ಯತ್ಯಾಸವುಂಟಾಗುತ್ತದೆ. ರಿಪೇರಿಯವರು ಡಯಾಫ್ರಮ್ ಎನ್ನುವುದು ಇದನ್ನೇ. ಹಾಳೆ ಉಬ್ಬುತ್ತದೆ; ಉಬ್ಬಿ ಒಂದು ಸಣ್ಣ ಕಡ್ಡಿಯನ್ನು ತಳ್ಳುತ್ತದೆ; ಕಡ್ಡಿಯು ಗ್ಯಾಸಿನ ಮೊದಲ ಬಾಗಿಲನ್ನು ತೆರೆದು, ಪಕ್ಕದಲ್ಲಿರುವ ಮೈಕ್ರೋಸ್ವಿಚ್ಚನ್ನೂ ಒತ್ತುತ್ತದೆ. ಒಡನೆಯೇ ಕೆಳಗಿನ ಪೆಟ್ಟಿಗೆಯಲ್ಲಿರುವ ಎರಡು ದಪ್ಪ ಶೆಲ್ಲುಗಳು ಎಚ್ಚರಗೊಂಡು ಟಿಕ್ ಟಿಕ್ ಟಿಕ್ ಎಂದು ಕಿಡಿ ಹಾರಿಸುತ್ತವೆ. ವಿದ್ಯುತ್ತಿನಿಂದ ತೆರೆಯುವ ಎರಡನೆಯ ಬಾಗಿಲೂ ತೆರೆಯುತ್ತದೆ. ಗ್ಯಾಸು ಬರ್ನರಿಗೆ ಬಂದು ಭಗ್ಗನೆ ಹೊತ್ತುತ್ತದೆ. ಉರಿಯ ಬಾಯಲ್ಲಿ ಕಿಡಿಯ ಕಡ್ಡಿಯ ಜೊತೆಗೆ ಮತ್ತೊಂದು ಕಡ್ಡಿ ಚಾಚಿಕೊಂಡಿರುತ್ತದೆ. ಬೆಂಕಿಯ ಜ್ವಾಲೆಯ ಮೂಲಕ ಅತ್ಯಲ್ಪ ಪ್ರಮಾಣದ ವಿದ್ಯುತ್ತು ಹರಿಯಬಲ್ಲುದು. ಆ ಕಡ್ಡಿ ಅದನ್ನು ಅರಿತು "ಉರಿ ಇದೆ" ಎಂದು ವರದಿ ಒಪ್ಪಿಸುತ್ತದೆ. ಕೆಲವು ಕ್ಷಣಗಳಲ್ಲಿ ವರದಿ ಬಾರದಿದ್ದರೆ ಎರಡನೆಯ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಉರಿಯಿಲ್ಲದೆ ಗ್ಯಾಸು ಮಾತ್ರ ಹರಿಯುತ್ತಿರಬಾರದಷ್ಟೆ.

ನಲ್ಲಿ ನಿಲ್ಲಿಸಿದರೆ ರಬ್ಬರ್ ಹಾಳೆ ಹಿಂದಕ್ಕೆ ಸರಿಯುತ್ತದೆ, ಉರಿ ಆರುತ್ತದೆ. ಇಷ್ಟೇ ಯಂತ್ರ.

ಆದುದರಿಂದ ಗೀಸರು ಹೊತ್ತಿಕೊಳ್ಳಲಿಲ್ಲವೆಂದರೆ, ಬಹುಮಟ್ಟಿಗೆ ಯಾವನೋ ಒಬ್ಬ ಕಾವಲುಗಾರ ಅಪ್ಪಣೆ ಕೊಟ್ಟಿಲ್ಲವೆಂದು ಅರ್ಥ. ಯಾರೆಂಬುದನ್ನು ಕಂಡುಹಿಡಿಯಲು ಕಣ್ಣಿಗಿಂತ ಕಿವಿ ಮೇಲು. ಕಿವಿಗೊಟ್ಟು ಕೇಳುವುದರಲ್ಲಿ ರೇಡಿಯೋ ಮನೆಯವರಾದ ನಿಮಗೆ ನಾನು ಪಾಠ ಹೇಳಬೇಕಾದ್ದಿಲ್ಲ. ನಲ್ಲಿ ತಿರುಗಿಸಿ ಸುಮ್ಮನೆ ನಿಂತು ಆಲಿಸಿ.

ಏನೂ ಸದ್ದಿಲ್ಲವೆ? ಹಾಗಾದರೆ ಗ್ಯಾಸಿನ ಗೊಡವೆಗೆ ಹೋಗಬೇಡಿ. ಸಿಲಿಂಡರನ್ನು ಅಲ್ಲಾಡಿಸಿ ನೋಡುವುದು ವ್ಯರ್ಥ. ತಪ್ಪು ಶೆಲ್ಲಿನಲ್ಲಿದೆ ಇಲ್ಲವೆ ನೀರಿನಲ್ಲಿದೆ. ಮೊದಲು ಶೆಲ್ಲುಗಳನ್ನು ಬದಲಾಯಿಸಿ, ಎರಡನ್ನೂ ಒಟ್ಟಿಗೆ. ಒಂದು ಹೊಸದು ಒಂದು ಹಳೆಯದು ಎಂಬ ಜಿಪುಣತನದಿಂದ ಪ್ರಯೋಜನವಿಲ್ಲ. ಟಾರ್ಚಿನಲ್ಲಿ ಮಂಕಾಗಿಯಾದರೂ ಉರಿಯುವ ಶೆಲ್ಲು ಗೀಸರಿಗೆ ಸಾಲದೆ ಹೋಗಬಹುದು. ಬಚ್ಚಲಿನ ತೇವಕ್ಕೆ ಪೆಟ್ಟಿಗೆಯ ತಗಡುಗಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಒಣ ಬಟ್ಟೆಯಿಂದ, ಬೇಕಾದರೆ ಸ್ಯಾಂಡ್‌ಪೇಪರಿನಿಂದ ಅದನ್ನು ತೆಗೆಯಿರಿ. ಗೀಸರ್ ಕೆಟ್ಟಿತೆಂದು ಬರುವ ಕರೆಗಳಲ್ಲಿ ಎಷ್ಟೋ ಇಲ್ಲಿಗೇ ಮುಗಿಯುತ್ತವೆ ಎಂದು ರಿಪೇರಿಯವರೇ ನಗುತ್ತ ಹೇಳುವುದುಂಟು.

ಶೆಲ್ಲು ಹೊಸದಾದರೂ ಸದ್ದಿಲ್ಲದಿದ್ದರೆ ನೀರನ್ನು ನೋಡಬೇಕು. ಹತ್ತು ಲೀಟರಿನ ಬಕೆಟ್ಟೊಂದನ್ನು ಬಿಸಿನೀರಿನ ನಲ್ಲಿಯ ಕೆಳಗಿಟ್ಟು ಗಡಿಯಾರ ನೋಡಿ. ನಿಮಿಷಕ್ಕೆ ಎರಡೂವರೆ, ಮೂರು ಲೀಟರಾದರೂ ಹರಿಯದಿದ್ದರೆ ಸಾಮಾನ್ಯವಾಗಿ ಆ ರಬ್ಬರ್ ಹಾಳೆ ಉಬ್ಬುವುದಿಲ್ಲ. ನೀರಿನ ಒತ್ತಡವೆಂಬುದು ಎತ್ತರದ ಲೆಕ್ಕ. ತೊಟ್ಟಿ ಹತ್ತು ಮೀಟರು ಮೇಲಿದ್ದರೆ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂ. ಎರಡೂವರೆ ಮೀಟರು ಮೇಲಿದ್ದರೆ ಅದರ ಕಾಲುಭಾಗ. ಒಂದಂತಸ್ತಿನ ಮನೆಯ ತಾರಸಿಯ ಮೇಲೆ ತೊಟ್ಟಿಯನ್ನು ನೆಲಕ್ಕೇ ಕೂರಿಸಿದವರಿಗೆ ಒದಗುವುದು ಈ ಕಾಲುಭಾಗವೇ. ತೊಟ್ಟಿಯಲ್ಲಿ ನೀರಿಳಿದ ದಿನ, ಅಥವಾ ಅಡಿಗೆಮನೆಯ ನಲ್ಲಿಯನ್ನೂ ಯಾರೋ ತೆರೆದ ಗಳಿಗೆಯಲ್ಲಿ ಗೀಸರು ಮುಷ್ಕರ ಹೂಡುವುದು ಇದರಿಂದಲೇ.

ಆದರೆ ಹತ್ತು ವರ್ಷ ಸರಿಯಾಗಿ ನಡೆದದ್ದು ಈಗ ನಿಂತಿತೆಂದರೆ ತೊಟ್ಟಿಯ ಎತ್ತರವನ್ನು ದೂರುವುದು ನ್ಯಾಯವಲ್ಲ. ನೀರು ಒಳಬರುವ ಕಡೆ ಸಣ್ಣದೊಂದು ಜಾಲರಿ ಇರುತ್ತದೆ. ನೀರಿನ ನಲ್ಲಿಯನ್ನು ಕಟ್ಟಿ, ಅಲ್ಲಿನ ತಿರುಪನ್ನು ಬಿಚ್ಚಿ ಜಾಲರಿಯನ್ನು ತೊಳೆಯಿರಿ. ಒಂದು ಚಿಟಿಕೆ ಮರಳು, ತುಕ್ಕಿನ ಹಕ್ಕಳೆ ಸಿಗುವುದು ಖಂಡಿತ. ಕೊಳವೆಬಾವಿಯ ಗಡಸುನೀರಿನ ಊರುಗಳಲ್ಲಿ ಇನ್ನೊಂದು ಪೀಡೆ. ಕಾಯಿಸಿದಾಗ ಸುಣ್ಣದ ಲವಣಗಳು ತಾಮ್ರದ ಕೊಳವೆಗಳೊಳಗೆ ಪದರಗಟ್ಟಿ ದಾರಿಯನ್ನೇ ಕಿರಿದು ಮಾಡುತ್ತವೆ. ಹಂಡೆಗೆ ಹಿಡಿದ ಬಿಳಿಯ ಕರೆಯೇ ಇದು. ಅಲ್ಲಿ ಹುಣಿಸೆಹುಳಿ ಹಾಕಿ ಉಜ್ಜುತ್ತಿದ್ದೆವು, ಇಲ್ಲಿ ತಿಳಿದವರಿಂದ ಸಿಟ್ರಿಕ್ ಆಮ್ಲದ ನೀರನ್ನು ಹಾಯಿಸಿ ತೊಳೆಸಬೇಕು. ತತ್ತ್ವ ಒಂದೇ. ಇವೆಲ್ಲ ಸರಿಯಿದ್ದರೆ ರಬ್ಬರ್ ಹಾಳೆಯೇ ಗಡುಸಾಗಿಯೋ ಹರಿದೋ ಹೋಗಿರಬಹುದು. ಬೆಲೆಯಲ್ಲಿ ಅಲ್ಪವಾದ ವಸ್ತು. ಆದರೆ ಬಿಚ್ಚುವುದು ಮನೆಯವರ ಕೆಲಸವಲ್ಲ. ಅದರ ಆಚೆಗೇ ಗ್ಯಾಸಿನ ಬಾಗಿಲಿದೆ.

ಈಗ ಎರಡನೆಯ ಪ್ರಸಂಗ. ಟಿಕ್ ಟಿಕ್ ಎಂಬ ಸದ್ದು ಬರುತ್ತಿದೆ, ಉರಿ ಮಾತ್ರ ಇಲ್ಲ. ಬಚ್ಚಲಿನ ಹತ್ತಿರ ಮೀಡಿಯಂ ವೇವಿನ ರೇಡಿಯೋ ಇದ್ದರೆ ಅದರಲ್ಲೂ ಈ ಟಿಕ್ ಟಿಕ್ ಪಟಪಟ ಎಂದು ಕೇಳಿಸುತ್ತದೆ. ವಾರ್ತೆಯ ನಡುವೆ ಇದು ಕಿರಿಕಿರಿ. ಆದರೂ ಇದೊಂದು ಪರೀಕ್ಷೆ. ವಿದ್ಯುತ್ತಿನ ಕಿಡಿಯೆಂದರೆ ರೇಡಿಯೋ ಅಲೆಯ ತವರು. ಮಾರ್ಕೋನಿ ಮೊದಮೊದಲು ಸಂದೇಶ ಕಳಿಸಿದ್ದೂ ಇಂಥ ಕಿಡಿಗಳಿಂದಲೇ. ಪಟಪಟ ಕೇಳಿಸಿತೆಂದರೆ ನೀರು, ಶೆಲ್ಲು, ಸ್ವಿಚ್ಚು ತಮ್ಮ ಕೆಲಸ ಮಾಡಿವೆ; ಕೊರತೆ ಗ್ಯಾಸಿನದು.

ಸಿಲಿಂಡರ್ ಖಾಲಿಯೆ? ರೆಗ್ಯುಲೇಟರ್ ತಿರುಗಿಸಿದೆಯೆ? ಗೀಸರಿನ ಪಕ್ಕದ ಗ್ಯಾಸಿನ ಕೀಲಿ ತೆರೆದಿದೆಯೆ? ನಗಬೇಡಿ, ಊರಿಗೆ ಹೋಗಿ ಬಂದ ಮಾರನೆಯ ದಿನ ನಾನೇ ಅರ್ಧ ಗಂಟೆ ತಣ್ಣೀರಿನಲ್ಲಿ ನಿಂತವನು. ಹೊಸ ಸಿಲಿಂಡರ್ ಹಾಕಿದ ಕೂಡಲೆ ಕೊಳವೆಯಲ್ಲಿ ಗಾಳಿ ತುಂಬಿರುತ್ತದೆ. ಎರಡು ಮೂರು ಸಲ ನಲ್ಲಿ ತೆರೆದು ಮುಚ್ಚಿದರೆ ಅದು ಹೊರಟುಹೋಗಿ ಗ್ಯಾಸು ಬರುತ್ತದೆ. ಮುಗಿಯುತ್ತ ಬಂದ ಸಿಲಿಂಡರು ಚಳಿಯ ಬೆಳಗಿನಲ್ಲಿ ಒಲೆಗೆ ಸಾಲುತ್ತದೆ, ಗೀಸರಿಗೆ ಸಾಲದು. ಒಳಗಿನ ದ್ರವ ಆವಿಯಾಗುವ ವೇಗ ಚಳಿಯಲ್ಲಿ ತಗ್ಗುತ್ತದೆ, ಗೀಸರಾದರೋ ಒಲೆಗಿಂತ ಬಹಳ ಹೆಚ್ಚು ನುಂಗುವಂಥದು. ಬಹುದಿನ ಉಪಯೋಗಿಸದಿದ್ದ ಗೀಸರಿನ ಬರ್ನರಿನಲ್ಲಿ ಜೇಡ ಬಲೆ ಕಟ್ಟಿ ದಾರಿ ಮುಚ್ಚಿರುವುದೂ ಉಂಟು.

ಇಲ್ಲಿ ಒಂದು ಎಚ್ಚರಿಕೆ. ಮೂರು ಸಲಕ್ಕೆ ಹೊತ್ತದಿದ್ದರೆ ನಾಲ್ಕನೆಯ ಸಲಕ್ಕೆ ಆತುರಪಡಬೇಡಿ. ಪ್ರತಿ ಪ್ರಯತ್ನದಲ್ಲಿಯೂ ಅಷ್ಟಿಷ್ಟು ಗ್ಯಾಸು ಉರಿಯದೆ ಹೊರಬಿದ್ದಿರುತ್ತದೆ. ಅದು ಗಾಳಿಗಿಂತ ಭಾರವಾದುದರಿಂದ ಕೆಳಗೇ ಕೂರುತ್ತದೆ, ಬೇಗನೆ ಚದರುವುದಿಲ್ಲ. ಕಿಟಕಿ ಬಾಗಿಲು ತೆರೆದು ಹತ್ತು ನಿಮಿಷ ಬಿಡಿ. ಬೆಂಕಿಕಡ್ಡಿ ಗೀರಿ ಗೀಸರಿನ ಬಾಯಿಗೆ ಹಿಡಿಯುವ ಧೈರ್ಯವನ್ನಂತೂ ಮಾಡಲೇಬೇಡಿ. ವಾಸನೆ ಬಲವಾಗಿದ್ದರೆ ರೆಗ್ಯುಲೇಟರ್ ಮುಚ್ಚಿ, ದೀಪದ ಸ್ವಿಚ್ಚನ್ನೂ ಫ್ಯಾನಿನ ಸ್ವಿಚ್ಚನ್ನೂ ಮುಟ್ಟದೆ ಎಲ್ಲರೂ ಹೊರಗೆ ಬಂದು 1906ಕ್ಕೆ ಫೋನು ಮಾಡಿ. ಅಡಿಗೆ ಅನಿಲದ ಅಪಾಯಗಳಿಗೆಂದೇ ಇರುವ ಸಂಖ್ಯೆ ಅದು. ಸೋರಿಕೆಯನ್ನು ಹುಡುಕುವುದಾದರೆ ಸಾಬೂನಿನ ನೊರೆಯಿಂದ. ಕಿತ್ತಳೆ ಬಣ್ಣದ ರಬ್ಬರ್ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕೆಂಬುದು ನಿಮಗೆ ತಿಳಿದದ್ದೇ. ಬದಲಾಯಿಸಿದ್ದೀರಾ ಎಂಬುದು ಬೇರೆ ಪ್ರಶ್ನೆ.

ಮೂರನೆಯ ಪ್ರಸಂಗವೇ ನನ್ನ ಮನೆಯದು, ಮತ್ತು ಇದೇ ಮುಖ್ಯವಾದುದು. ಗೀಸರು ಹೊತ್ತುತ್ತದೆ; ಹೊತ್ತಿ ಆರಿಹೋಗುತ್ತದೆ.

ಹೊತ್ತಿದ ಐದಾರು ಕ್ಷಣಗಳಲ್ಲಿಯೇ ಆರಿದರೆ ಬಹುಶಃ ಉರಿಯನ್ನು ಅರಿಯುವ ಆ ಕಡ್ಡಿಗೆ ಮಸಿ ಹಿಡಿದಿದೆ. ಉರಿ ಎದುರಿಗೇ ಇದ್ದರೂ ಪಾಪ ಅದಕ್ಕೆ ಕಾಣಿಸುತ್ತಿಲ್ಲ. ತಿಳಿದವರು ಅದನ್ನು ನಯವಾಗಿ ಉಜ್ಜಿ ಕೊಟ್ಟರೆ ಸರಿಹೋಗುತ್ತದೆ. ಇಪ್ಪತ್ತು ನಿಮಿಷವಾದ ಮೇಲೆ ಆರಿದರೆ ಅದು ಕೆಡುಕಲ್ಲ. ಅಷ್ಟು ಹೊತ್ತಿಗೆ ತಾನೇ ನಿಲ್ಲುವಂತೆ ಅನೇಕ ಗೀಸರುಗಳಲ್ಲಿ ಏರ್ಪಾಡು ಮಾಡಿರುತ್ತಾರೆ, ಸ್ನಾನಕ್ಕೆ ಅಷ್ಟು ಸಾಕು ಎಂದು.

ನಮ್ಮದು ಐದನೆಯ ನಿಮಿಷಕ್ಕೆ ಆರುತ್ತಿತ್ತು. ಸೋಪು ಹಚ್ಚಿಕೊಂಡ ಹೊತ್ತಿಗೆ ಸರಿಯಾಗಿ. ಹತ್ತಿರದ ಅಂಗಡಿಯ ಹುಡುಗನೊಬ್ಬನನ್ನು ಕರೆಸಿದೆ. ಆತ ಮುಚ್ಚಳ ಬಿಚ್ಚಿ, ತಾಮ್ರದ ಕೊಳವೆಗೆ ಅಂಟಿಸಿದ್ದ ಗುಂಡಿಯಂಥದೊಂದನ್ನು ಕಿತ್ತು, ಅದರ ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದು ಟೇಪು ಸುತ್ತಿದ. "ಡೈರೆಕ್ಟ್ ಮಾಡಿದ್ದೀನಿ ಸಾರ್, ಇನ್ಮೇಲೆ ಆಫ್ ಆಗಲ್ಲ" ಎಂದ. ಇನ್ನೂರು ರೂಪಾಯಿ ತೆಗೆದುಕೊಂಡ. ಮಾತಿಗೆ ತಪ್ಪಲಿಲ್ಲ, ಗೀಸರು ಆಮೇಲೆ ಆರಲಿಲ್ಲ. ಆತನ ಕೈಚಳಕವನ್ನು ನಾನು ಸಹೋದ್ಯೋಗಿಗಳ ಮುಂದೆ ಹೊಗಳಿದ್ದೂ ಉಂಟು.

ಮೂರು ವಾರ ಕಳೆಯಿತು. ಚಳಿಯೆಂದು ಬಚ್ಚಲಿನ ವೆಂಟಿಲೇಟರಿಗೆ ನಾನೇ ಹಳೆಯ ಕ್ಯಾಲೆಂಡರಿನ ರಟ್ಟನ್ನು ಅಡ್ಡ ಇಟ್ಟಿದ್ದೆ. ಒಂದು ಬೆಳಗ್ಗೆ ನಮ್ಮ ಮನೆಯವರು ತಲೆಗೆ ಎರೆದುಕೊಳ್ಳಲು ಹೋದವರು ಬಹಳ ಹೊತ್ತಾದರೂ ಬರಲಿಲ್ಲ. ಬಾಗಿಲು ತಟ್ಟಿದೆ, ತೊದಲಿದಂತೆ ಏನೋ ಕೇಳಿಸಿತು. ಚಿಲಕ ತೆಗೆದದ್ದು ಅವರ ಪುಣ್ಯವೋ ನನ್ನದೋ. ಬಾಗಿಲನ್ನು ಹಿಡಿದುಕೊಂಡೇ ಕುಸಿದರು. ತಲೆ ಸಿಡಿಯುತ್ತಿದೆ, ಕಾಲಿನಲ್ಲಿ ಶಕ್ತಿಯಿಲ್ಲ, ವಾಕರಿಕೆ. ಪಿತ್ತ ಕೆರಳಿದೆ ಎಂದರು ನನ್ನ ತಾಯಿ, ರಕ್ತದೊತ್ತಡವಿರಬೇಕೆಂದೆ ನಾನು. ಕೊರೋನಾ ಕಾಲದಲ್ಲಿ ಕೊಂಡ ಬೆರಳಿನ ಯಂತ್ರವನ್ನು ಹಾಕಿ ನೋಡಿದರೆ ಆಮ್ಲಜನಕ ತೊಂಬತ್ತೆಂಟು. ಎಲ್ಲವೂ ಸರಿ ಎಂದಿತು ಯಂತ್ರ. ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲವನ್ನೂ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಹಾಕಿದರು: "ಮೇಷ್ಟ್ರೇ, ಗೀಸರ್ ಎಲ್ಲಿಟ್ಟಿದ್ದೀರಿ?"

ಹುಡುಗ ಕಿತ್ತುಹಾಕಿದ ಆ ಗುಂಡಿಯೂ ಒಬ್ಬ ಕಾವಲುಗಾರನೇ. ಕೊಳವೆ ಮಿತಿಮೀರಿ ಕಾದಾಗ ಉರಿಯನ್ನು ಆರಿಸುವುದು ಅದರ ಕೆಲಸ. ನಮ್ಮ ಗೀಸರು ಏಕೆ ಅಷ್ಟು ಕಾಯುತ್ತಿತ್ತು? ಒಳಗೆ ಸುಣ್ಣ ಕಟ್ಟಿತ್ತು, ಆದುದರಿಂದ ನೀರು ಶಾಖವನ್ನು ಹೀರುತ್ತಿರಲಿಲ್ಲ. ಹೊರಗೆ, ತಾಮ್ರದ ತೆಳುಹಾಳೆಗಳ ಸಂದಿಯಲ್ಲಿ ಮಸಿ ತುಂಬಿ, ಉರಿದ ಅನಿಲ ಮೇಲೆ ಹೋಗುವ ದಾರಿ ಕಟ್ಟಿಕೊಂಡಿತ್ತು. ದಾರಿ ಕಟ್ಟಿದಾಗ ಉರಿಗೆ ಹೊಸ ಗಾಳಿ ಬರುವುದಿಲ್ಲ; ಗಾಳಿ ಸಾಲದ ಉರಿ ನೀಲಿಯಾಗಿರದೆ ಹಳದಿಗೆ ತಿರುಗುತ್ತದೆ; ಹಳದಿ ಉರಿ ಮತ್ತಷ್ಟು ಮಸಿ ಕೂರಿಸುತ್ತದೆ. ಕಾವಲುಗಾರ ದಿನವೂ ಕೂಗಿ ಹೇಳುತ್ತಿದ್ದುದು ಇದನ್ನೇ. ನಾವು ಇನ್ನೂರು ರೂಪಾಯಿ ಕೊಟ್ಟು ಅವನ ಬಾಯಿ ಮುಚ್ಚಿಸಿದೆವು.

ಗ್ಯಾಸು ಚೆನ್ನಾಗಿ ಉರಿದರೆ ಹುಟ್ಟುವುದು ನೀರಾವಿ ಮತ್ತು ಇಂಗಾಲದ ಡಯಾಕ್ಸೈಡು. ಗಾಳಿ ಸಾಲದೆ ಅರೆಬರೆ ಉರಿದರೆ ಕಾರ್ಬನ್ ಮಾನಾಕ್ಸೈಡು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ಅಡಿಗೆ ಅನಿಲಕ್ಕೆ ಬೇಕೆಂದೇ ಬೆರೆಸಿದ ದುರ್ವಾಸನೆಯೂ ಉರಿಯಲ್ಲಿ ಸುಟ್ಟುಹೋಗಿರುತ್ತದೆ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಕೆಂಪುವಸ್ತುವಿಗೆ ಈ ಅನಿಲದ ಮೇಲೆ ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಮಿಕ್ಕ ವ್ಯಾಮೋಹ. ಇದು ಬಂದು ಕೂತ ಜಾಗವನ್ನು ಸುಲಭವಾಗಿ ಬಿಡುವುದಿಲ್ಲ, ಆಮ್ಲಜನಕಕ್ಕೆ ಸ್ಥಳವಿಲ್ಲ. ಮೊದಲು ತಲೆನೋವು, ಆಮೇಲೆ ಕಾಲುಗಳ ಬಲ ಉಡುಗುವುದು, ಆಮೇಲೆ ಮಂಪರು. ಬಾಗಿಲು ತೆಗೆಯಬೇಕೆಂದು ಬುದ್ಧಿಗೆ ಹೊಳೆಯುವ ಹೊತ್ತಿಗೆ ಏಳುವ ತ್ರಾಣವಿರುವುದಿಲ್ಲ. ನಮ್ಮ ದೇಶದ ವೈದ್ಯರು ಇದಕ್ಕೆ ಗ್ಯಾಸ್ ಗೀಸರ್ ಸಿಂಡ್ರೋಮ್ ಎಂಬ ಹೆಸರನ್ನೇ ಕೊಟ್ಟು ಬರೆದಿದ್ದಾರೆ. ಬೆರಳಿನ ಯಂತ್ರ ತೊಂಬತ್ತೆಂಟು ತೋರಿಸಿದ್ದೂ ಇದರ ಮಾಯೆಯೇ. ರಕ್ತದ ಕೆಂಪನ್ನು ನೋಡಿ ಲೆಕ್ಕ ಹೇಳುವ ಆ ಯಂತ್ರಕ್ಕೆ ಹೊತ್ತಿರುವುದು ಆಮ್ಲಜನಕವೋ ವಿಷವೋ ಎಂಬ ಭೇದ ತಿಳಿಯದು. ಇಂಥ ಸಂದರ್ಭದಲ್ಲಿ ಅದನ್ನು ನಂಬಿ ಮನೆಯಲ್ಲಿ ಕೂರಬೇಡಿ.

ನಮ್ಮ ವಿಜ್ಞಾನದ ಮೇಷ್ಟರು ಒಂದು ಲೆಕ್ಕ ಹಾಕಿ ತೋರಿಸಿದರು. ಐದಡಿ ಅಗಲ, ಏಳಡಿ ಉದ್ದ, ಎಂಟಡಿ ಎತ್ತರದ ಬಚ್ಚಲೆಂದರೆ 280 ಘನ ಅಡಿ, ಸುಮಾರು 8 ಘನ ಮೀಟರು. ಅದರಲ್ಲಿ ಆಮ್ಲಜನಕ ಐದನೆಯ ಒಂದು ಭಾಗ, 1.7 ಘನ ಮೀಟರಿನಷ್ಟು. ನಿಮಿಷಕ್ಕೆ ಆರು ಲೀಟರು ಕಾಯಿಸುವ ಗೀಸರು ಹತ್ತು ನಿಮಿಷದಲ್ಲಿ ಸುಮಾರು 150 ಗ್ರಾಂ ಗ್ಯಾಸನ್ನು ಉರಿಸುತ್ತದೆ. ಅದಕ್ಕೆ ಬೇಕಾಗುವ ಆಮ್ಲಜನಕ 0.4 ಘನ ಮೀಟರು. ಕಿಟಕಿ ಬಾಗಿಲುಗಳೆಲ್ಲ ಬಿಗಿಯಾಗಿ ಮುಚ್ಚಿದ್ದರೆ, ಹತ್ತು ನಿಮಿಷದ ಸ್ನಾನಕ್ಕೆ ಕೋಣೆಯ ಆಮ್ಲಜನಕದ ಕಾಲುಭಾಗ ಹೋಯಿತು. ಅಂದರೆ ಹೊಚ್ಚಹೊಸ ಗೀಸರಾದರೂ ಮುಚ್ಚಿದ ಬಚ್ಚಲಿನಲ್ಲಿ ತಾನಾಗಿಯೇ ಗಾಳಿ ಸಾಲದ ಸ್ಥಿತಿಯನ್ನು ತಂದುಕೊಳ್ಳುತ್ತದೆ. ಹಳೆಯದಾದರೆ ಕೇಳಬೇಕೆ? ಈ ಲೆಕ್ಕವನ್ನು ನಾನು ಎರಡು ಸಲ ಮಾಡಿಸಿದೆ. ತಪ್ಪಿರಲೆಂದೇ ಆಸೆಪಟ್ಟೆ.

ಹಾಗಾದರೆ ಗಾಳಿಯನ್ನು ಕಾಯುವ ಕಾವಲುಗಾರನೊಬ್ಬನನ್ನು ಏಕೆ ಇಡಲಿಲ್ಲ? ಇಡುವುದು ಅಸಾಧ್ಯವೇನಲ್ಲ. ನನ್ನ ತಂಗಿಯ ಮಗ ಅಮೆರಿಕದ ಮಿಷಿಗನ್ ಪ್ರಾಂತದಲ್ಲಿದ್ದಾನೆ. ಅಲ್ಲಿ ಹಿಮ ಬೀಳುವ ಕಾಲಕ್ಕೆ ಇಡೀ ಮನೆಯನ್ನು ಬೆಚ್ಚಗಿಡುವ ಗ್ಯಾಸಿನ ಕುಲುಮೆಯೊಂದು ನೆಲಮಾಳಿಗೆಯಲ್ಲಿ ಇರುತ್ತದೆ, ಫರ್ನೇಸ್ ಎನ್ನುತ್ತಾರೆ. ಹೊಸ ಬಗೆಯ ಕುಲುಮೆಗಳಲ್ಲಿ ಮನೆ ತಣ್ಣಗಾಯಿತೆಂದು ತಿಳಿದ ಕೂಡಲೆ ಉರಿ ಹೊತ್ತುವುದಿಲ್ಲ. ಮೊದಲು ಚಿಕ್ಕ ಫ್ಯಾನೊಂದು ತಿರುಗಿ ಒಳಗಿನ ಗಾಳಿಯನ್ನು ಕೊಳವೆಯ ಮೂಲಕ ಮನೆಯಿಂದಾಚೆಗೆ ಎಳೆಯುತ್ತದೆ. ಎಳೆತ ಸರಿಯಾಗಿದೆಯೆಂದು ಒತ್ತಡದ ಸ್ವಿಚ್ಚೊಂದು ಒಪ್ಪಬೇಕು. ಒಪ್ಪಿದ ಮೇಲೆಯೇ ಹೊತ್ತಿಸುವ ಕಡ್ಡಿ ಕಾಯುವುದು, ಗ್ಯಾಸಿನ ಬಾಗಿಲು ತೆರೆಯುವುದು. ಹೊರಗಿನ ಕೊಳವೆಯ ಬಾಯಿಗೆ ಹಿಮವೋ ಎಲೆಯೋ ತುಂಬಿದ್ದರೆ ಕುಲುಮೆ ಹೊತ್ತಲೊಲ್ಲದು. ಮನೆಮಂದಿ ನಡುಗಿದರೂ ಹೊತ್ತಲೊಲ್ಲದು. ಇದರ ಮೇಲೆ, ಮಾನಾಕ್ಸೈಡನ್ನು ಕಂಡು ಕಿರಿಚುವ ಎಚ್ಚರಿಕೆಯ ಯಂತ್ರವೊಂದನ್ನು ಮಲಗುವ ಕೋಣೆಯ ಬಳಿ ತೂಗುಹಾಕಿದ್ದಾನೆ. ನಮ್ಮ ಬಚ್ಚಲಿನ ಅಗ್ಗದ ಗೀಸರುಗಳಲ್ಲಿ ಬಹುಪಾಲಿಗೆ ಗಾಳಿಯ ದ್ವಾರಪಾಲಕನೇ ಇಲ್ಲ. ಉಳಿದವರೆಲ್ಲ ಒಪ್ಪಿದರೆ ಸಾಕು, ಅದು ಹೊತ್ತಿಬಿಡುತ್ತದೆ. ಹೊತ್ತಿಕೊಳ್ಳದ ಗೀಸರಿನಿಂದ ನಮಗೆ ಆಗುವುದು ಒಂದು ದಿನದ ತಣ್ಣೀರು ಸ್ನಾನ. ಹೊತ್ತಬಾರದಾಗಲೂ ಹೊತ್ತುವ ಗೀಸರಿನ ಸಂಗತಿ ಬೇರೆ. ಆ ಬಾಗಿಲಿನಲ್ಲಿ ಮನೆಯ ಯಜಮಾನನೇ ನಿಲ್ಲಬೇಕು.

ನಿಲ್ಲುವುದು ಹೇಗೆಂದರೆ, ಎಲ್ಲಕ್ಕಿಂತ ಮೊದಲು ಗೀಸರನ್ನು ಬಚ್ಚಲಿನಿಂದ ಹೊರಗೆ ಹಾಕಿ. ಹಿತ್ತಿಲ ಗೋಡೆಯೋ ಪಾತ್ರೆ ತೊಳೆಯುವ ಬಯಲೋ ಆಗಬಹುದು. ಮಳೆ ಹೊಡೆಯದಂತೆ ಸಜ್ಜೆಯ ಕೆಳಗಿರಲಿ, ಬಿರುಗಾಳಿಗೆ ಉರಿ ಆರದಂತೆ ಮರೆಯಿರಲಿ, ಯಾವ ಕಿಟಕಿಯ ಕೆಳಗೂ ಬೇಡ. ಬಾಡಿಗೆ ಮನೆಯವರು ಮಾಲಿಕರನ್ನು ಕೇಳಲು ಸಂಕೋಚಪಡಬಾರದು. ಹೊರಗೆ ಹಾಕುವವರೆಗೆ ಬಕೆಟ್ಟಿಗೆ ಬಿಸಿನೀರು ತುಂಬಿಸಿಕೊಂಡು, ಗೀಸರು ನಿಲ್ಲಿಸಿ, ಬಚ್ಚಲಿನ ಬಾಗಿಲನ್ನು ತೆರೆದಿಟ್ಟು ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗಿ. ಒಬ್ಬರ ಹಿಂದೊಬ್ಬರು ಸಾಲಾಗಿ ಸ್ನಾನ ಮಾಡುವ ಹಬ್ಬದ ದಿನಗಳಲ್ಲಿ ಕೊನೆಯವರಿಗೇ ಅಪಾಯ ಹೆಚ್ಚು; ನಮ್ಮ ಮನೆಗಳಲ್ಲಿ ಕೊನೆಯವರು ಯಾರೆಂಬುದನ್ನು ನಾನು ಹೇಳಬೇಕಾಗಿಲ್ಲ. ಉರಿಯನ್ನು ಆಗಾಗ ಇಣುಕಿ ನೋಡಿ. ಹಳದಿ ನಾಲಗೆಗಳು ಕಂಡರೆ, ಡಬ್ಬಿಯ ಮೇಲುಭಾಗದಲ್ಲಿ ಕಪ್ಪು ಕಂಡರೆ, ಆ ದಿನದಿಂದಲೇ ನಿಲ್ಲಿಸಿ. ವರ್ಷಕ್ಕೊಮ್ಮೆ ಒಳಗಿನ ಮಸಿ ತೆಗೆಸಿ. ರಿಪೇರಿಗೆ ಬಂದವರು ಯಾವ ತಂತಿಯನ್ನಾದರೂ ಯಾವುದಕ್ಕಾದರೂ ಜೋಡಿಸಿ ಡೈರೆಕ್ಟ್ ಮಾಡುತ್ತೇನೆಂದರೆ ಕಾಫಿ ಕೊಟ್ಟು ಕಳಿಸಿಬಿಡಿ.

ಯಾರಾದರೂ ಒಳಗೆ ಕುಸಿದಿದ್ದಾರೆಂದು ಅನುಮಾನ ಬಂದರೆ ಬಾಗಿಲನ್ನು ಒಡೆಯಿರಿ. ಬಾಗಿಲಿನ ಬೆಲೆ ನೋಡಬೇಡಿ. ಉಸಿರು ಬಿಗಿಹಿಡಿದು ನುಗ್ಗಿ ನಲ್ಲಿ ಕಟ್ಟಿ, ಅವರನ್ನು ಬಯಲಿಗೆ ಎಳೆದು ತನ್ನಿ; 108ಕ್ಕೆ ಫೋನು ಮಾಡಿ, ಗ್ಯಾಸ್ ಗೀಸರೆಂಬ ಮಾತನ್ನು ಮರೆಯದೆ ತಿಳಿಸಿ. ಶುದ್ಧ ಆಮ್ಲಜನಕವೇ ಇದಕ್ಕೆ ಮದ್ದು, ಬೇಗ ಕೊಟ್ಟಷ್ಟೂ ಒಳ್ಳೆಯದು.

ನಮ್ಮ ಮನೆಯವರಿಗೆ ಆ ದಿನ ಸಂಜೆಯವರೆಗೆ ಆಮ್ಲಜನಕ ಕೊಟ್ಟರು. ತಲೆನೋವು ಹೋಗಲು ಎರಡು ದಿನ ಹಿಡಿಯಿತು. ಹನ್ನೆರಡು ವರ್ಷದ ಗೀಸರನ್ನು ನಾನೇ ಬಿಚ್ಚಿಸಿ ಗುಜರಿಗೆ ಹಾಕಿದೆ. ಯಾರೂ ಮತ್ತೆ ಉಪಯೋಗಿಸಬಾರದೆಂದು ಬರ್ನರನ್ನು ಸುತ್ತಿಗೆಯಿಂದ ಜಜ್ಜಿಯೇ ಕೊಟ್ಟದ್ದು. ಹೊಸದು ಈಗ ಹಿತ್ತಿಲ ಗೋಡೆಯ ಮೇಲೆ, ಸಜ್ಜೆಯ ಕೆಳಗೆ ಇದೆ. ಅಲ್ಲಿಂದ ಬಚ್ಚಲಿಗೆ ಹದಿನೈದಡಿ ಪೈಪು ಎಳೆಸಬೇಕಾಯಿತು. ನಲ್ಲಿ ತೆರೆದರೆ ಮೊದಲು ಎರಡು ಮೂರು ಚೊಂಬು ತಣ್ಣೀರು ಬರುತ್ತದೆ. ಅದನ್ನು ಹಿಡಿದಿಟ್ಟು ನಮ್ಮ ಮನೆಯವರು ತುಳಸಿಗೆ ಹಾಕುತ್ತಾರೆ. ವೆಂಟಿಲೇಟರಿನ ರಟ್ಟನ್ನು ಅಂದೇ ಕಿತ್ತೆ. ಬೆಳಗಿನ ಹೊತ್ತು ಬಚ್ಚಲಿನಲ್ಲಿ ಚಳಿ ಕೊರೆಯುತ್ತದೆ, ನಿಜ.